ಗಾಯರಾಣದ ಚರಗ

1 ಜುಲೈ 1981, ಬುಧವಾರ. ಮಣ್ಣೆತ್ತಿನ ಅಮಾವಾಸ್ಯೆ

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ನಮ್ಮೂರ ನೇಕಾರನಿಗೆ ತಿಂಗಳಲ್ಲಿ ಸಿಗುವ ರಜೆ ಅದೊಂದೇ. ಅದೂ ಸಾಹುಕಾರ ಕೊಟ್ಟದ್ದಲ್ಲ, ದೇವರ ಹೆಸರು ಹೇಳಿ ನಮ್ಮ ಹಿರಿಯರು ಕಸಿದುಕೊಂಡದ್ದು. ಆ ರಜೆಯನ್ನು ಇವತ್ತು ಗುದ್ದಲಿಗೆ ಕೊಟ್ಟೆವು.

ಕಮತಗಿ ರಸ್ತೆಯ ಬದಿಗೆ ಊರಿನ ಗಾಯರಾಣ ಇದೆ. ಹೆಸರಿಗೆ ದನ ಮೇಯುವ ಜಾಗ. ದನಗಳೂ ಮೂಸದ ಜಾಲಿಕಂಟಿ, ಒಲೆಯ ಬೂದಿ, ಹರಿದ ಚಪ್ಪಲಿ, ನಡುವೆ ಹೂಳು ತುಂಬಿದ ಬಾವಿ. ಯಾರದೂ ಅಲ್ಲದ ನೆಲ ಎಲ್ಲರದು ಎಂದು ಬಾಗಲಕೋಟೆಯ ಕಾಲೇಜಿನಲ್ಲಿದ್ದಾಗ ಸಂಘಟನೆಯ ಸಭೆಗಳಲ್ಲಿ ಎಷ್ಟು ಸಲ ಕೂಗಿದ್ದೇನೋ. ಕೂಗಿದಾಗ ಗಂಟಲು ಒಣಗುತ್ತಿತ್ತು, ಅಷ್ಟೇ. ಇವತ್ತು ಅಂಗೈಯಲ್ಲಿ ಬೊಬ್ಬೆ ಎದ್ದಿದೆ.

ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬೆರಳು ಸವೆದ ಸಂಗಾತಿಗಳು ಸೆರಗು ಬಿಗಿದು ಬಂದರು. ಮುಂದೆ ನನ್ನ ಅವ್ವ ಅಂಬವ್ವ. ಅವಳ ಪಕ್ಕ ನೂಲಿಗೆ ಬಣ್ಣ ಹಾಕುವ ಬಾಬುಸಾಬನ ಹೆಂಡತಿ ಮಾಸುಮಬಿ. ವಾರದ ಸಂತೆಯಲ್ಲಿ ಬಾಡಿದ ಬದನೆಕಾಯಿ ಕೊಂಡು, ಉಳಿದ ದಿನ ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ತಿನ್ನುವ ಮನೆಗಳು ಇವು. ನಾಡಿನ ಹೆಣ್ಣುಮಕ್ಕಳಿಗೆಲ್ಲ ಸೀರೆ ನೇಯ್ದು ಉಡಿಸುವವರ ತಾಟಿನಲ್ಲಿ ಒಂದು ಹಸಿರೆಲೆ ಇಲ್ಲ. ಥೂ ಈ ವ್ಯವಸ್ಥೆಗೆ.

ದಲಿತ ಕೇರಿಯಿಂದ ಚಂದವ್ವ ಒಬ್ಬಳೇ ಬಂದಳು. ಹೆಗಲ ಮೇಲೆ ಸಲಿಕೆ. ಜಾಲಿಯ ಆಚೆಯೇ ನಿಂತಳು.

"ಬರ್ರಿ ಒಳಗ," ಎಂದೆ.

"ಇಲ್ಲೇ ನಿಂದರ್ತೇನ್ರೀ ಯಪ್ಪಾ. ಏನ್ ಮಾಡ್ಬೇಕು ಹೇಳ್ರಿ."

ಬಾವಿಯ ಹೂಳೆತ್ತಲು ಹಗ್ಗ ಬಿಟ್ಟಾಗ ಪಿಸುಮಾತು ಶುರುವಾಯಿತು. "ಆಕಿ ಹಗ್ಗಾ ಮುಟ್ಟಿದ್ರ ನಾವ್ ನೀರು ಹ್ಯಾಂಗ ಸೇದೂದು?" ಮೈ ಉರಿಯಿತು. ಹಗ್ಗವನ್ನು ಎಳೆದುಕೊಂಡು ಹೋಗಿ ಚಂದವ್ವನ ಕೈಗೇ ಕೊಟ್ಟೆ. ಬಾವಿಯ ಕಟ್ಟೆ ಹತ್ತಿ ಮಾತಾಡಿದೆ. ಮುಟ್ಟಿದರೆ ಮೈಲಿಗೆಯಾಗುವ ನೀರು ನೀರೇ ಅಲ್ಲ, ಅದು ವಿಷ, ಅದನ್ನು ಕುಡಿದೇ ಈ ಊರು ಸತ್ತಿದೆ ಎಂದೆ. ಕೆಲವರು ಬುಟ್ಟಿ ಎತ್ತಿಕೊಂಡು ಮನೆಗೆ ನಡೆದರು. ನಡೆಯಲಿ.

ಚಂದವ್ವ ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಭಾಷಣ ಮುಗೀತನ್ರೀ? ಮುಗಿದಿದ್ರ ಈ ತುದಿ ನೀವ್ ಹಿಡೀರಿ. ಹೂಳು ಮಾತಿಗೆ ಮ್ಯಾಲ ಬರೂದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಪ್ಪಾ ಅನ್ನಬೇಡಿ, ತಮ್ಮಾ ಅನ್ನಿ ಎಂದು ಅವಳಿಗೆ ಹೇಳಿದೆ. ಅವಳು ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಎಳೆಯತೊಡಗಿದಳು.

ಸಂಜೆ ಎಲ್ಲರೂ ಕೂತು ಒಪ್ಪಿದ್ದು ಇದು: ಈ ತೋಟಕ್ಕೆ ಮಾಲಕ ಇಲ್ಲ. ದುಡಿದವರಿಗೂ ಪಲ್ಯ, ದುಡಿಯಲಾಗದವರಿಗೂ ಪಲ್ಯ. ಬೇಲಿ ಇಲ್ಲ. ಬಾವಿ ಎಲ್ಲರದು.


19 ಜುಲೈ, ರವಿವಾರ

ಮಳೆ ಹದವಾಗಿ ಬಿದ್ದಿದೆ. ಪುಂಡಿ, ರಾಜಗಿರಿ ಸೊಪ್ಪು, ಚವಳಿಕಾಯಿ ಬಿತ್ತಿದೆವು. ಮುಂದಿನ ಅಮಾವಾಸ್ಯೆಗೆ ಬದನೆ, ಮೆಣಸಿನ ಸಸಿ ನೆಡುವುದು.

ತಿಮ್ಮಣ್ಣ ಸಾಹುಕಾರ ಫಟಫಟಿ ಮೇಲೆ ಬಂದ. ಊರಿನ ಮಗ್ಗಗಳಿಗೆಲ್ಲ ನೂಲು ಕೊಡುವವನು, ಸೀರೆ ಒಯ್ಯುವವನು ಅವನೇ. ಅವನು ನೂಲು ನಿಲ್ಲಿಸಿದರೆ ಒಲೆ ನಿಲ್ಲುತ್ತದೆ. ಅದಕ್ಕೇ ಅವನು ಬಂದರೆ ಮುದುಕರೂ ಎದ್ದು ನಿಲ್ಲುತ್ತಾರೆ. ನಾನು ಕೂತೇ ಇದ್ದೆ.

"ಏನೋ ಅಮೀನಪ್ಪ, ಬಿ.ಎ. ಮಾಡಿ ಬದನಿಕಾಯಿ ಹಚ್ಚಾಕತ್ತೀಯಲ್ಲೋ?"

"ನಿಮ್ಮ ಗುಮಾಸ್ತಕಿ ಮಾಡೂದಕ್ಕಿಂತ ಛಲೋ ಐತ್ರಿ."

"ಹಚ್ಚಪಾ, ಹಚ್ಚು. ಹೊಸ ವರ್ಷಕ್ಕ ತಲಾಠಿ ಜಾಗಾ ನೋಡಾಕ ಬರ್ತಾನ. ಆಮ್ಯಾಲ ಇಲ್ಲಿ ನನ್ನ ಕರೆಂಟ್ ಮಗ್ಗದ ಶೆಡ್ ಏಳತೈತಿ."

"ಇದೇನ್ ನಿಮ್ಮಪ್ಪನ ಜಾಗಾ ಏನ್ರಿ?"

"ನಮ್ಮಪ್ಪಂದಲ್ಲ. ನಿಮ್ಮಪ್ಪಂದೂ ಅಲ್ಲಲೇ. ಹಿರಿಯಾರು ಯಾರ್ದು ಅಂತಾರ, ತಲಾಠಿ ಅವರ್ದು ಅಂತ ಬರಕೊಂಡು ಹೋಗ್ತಾನ." ನಕ್ಕು, ನಾವು ಬಿತ್ತಿದ ಮಡಿಯ ಮೇಲೆಯೇ ಫಟಫಟಿ ತಿರುಗಿಸಿಕೊಂಡು ಹೋದ.

ಜಮೀನಿನ ಲೆಕ್ಕ ಬರೆಯುವ ತಲಾಠಿ ಕೇಳುವುದು ಹಿರಿಯರನ್ನು, ಹಿರಿಯರು ತಿಮ್ಮಣ್ಣನ ನೂಲು ತಿನ್ನುವವರು. ಏನು ಹೇಳುತ್ತಾರೆ ಎಂದು ಗೊತ್ತಿಲ್ಲವೇ? ಆದರೆ ನಮಗೆ ಐದಾರು ತಿಂಗಳು ಇದೆ. ಅಷ್ಟರೊಳಗೆ ಈ ನೆಲದಲ್ಲಿ ಎಷ್ಟು ಬೇರು ಇಳಿಸುತ್ತೇವೆಂದರೆ, ಅವನ ಅಪ್ಪ ಬಂದರೂ ಕೀಳಲಾಗಬಾರದು.


31 ಜುಲೈ. ನಾಗರ ಅಮಾವಾಸ್ಯೆ

ದಿನವೆಲ್ಲ ಸಸಿ ನೆಟ್ಟೆವು. ಜಿಟಿಜಿಟಿ ಮಳೆ. ಮಾಸುಮಬಿ ಗೋಣಿಚೀಲ ತಲೆಗೆ ಹಾಕಿಕೊಂಡು, "ನೋಡ್ರೀ, ನಾನೂ ಮಠದ ಸ್ವಾಮಿ ಆದೆ, ಬರ್ರಿ ಕಾಲಿಗೆ ಬೀಳ್ರಿ," ಎಂದು ಎಲ್ಲರನ್ನೂ ನಗಿಸಿದಳು. ಅವ್ವ ಚಂದವ್ವನ ರೊಟ್ಟಿ ಗಂಟಿನಿಂದ ಚಟ್ನಿ ತೆಗೆದು ತಿಂದಳು. ನನ್ನ ಅವ್ವ! ಕೇರಿಯವರ ನೆರಳು ಬಿದ್ದರೆ ಸೀರೆ ಒಗೆಯುತ್ತಿದ್ದ ಮನೆಯಲ್ಲಿ ಹುಟ್ಟಿದವಳು.

ಚಂದವ್ವ ನನ್ನನ್ನು "ತಮ್ಮಾ, ಆ ಸಸಿ ಭಾಳ ಆಳಕ್ಕ ಹೋತು" ಎಂದಳು. ತಮ್ಮಾ!

ಕ್ರಾಂತಿ ಬಂದರೆ ಹೀಗೇ ಬರುತ್ತದೆ. ಸದ್ದಿಲ್ಲದೆ, ಮಣ್ಣು ಮೆತ್ತಿಕೊಂಡು.


23 ಆಗಸ್ಟ್, ರವಿವಾರ

ಆಡುಗಳು ನುಗ್ಗಿ ಅರ್ಧ ಬದನೆ ತಿಂದು ಹೋಗಿವೆ. ಯಾರ ಆಡು ಎಂದು ಗೊತ್ತು. ತಿಮ್ಮಣ್ಣನ ಆಳೇ ಒಳಗೆ ಅಟ್ಟಿರಬೇಕು.

ಬೇಲಿ ಇಲ್ಲ ಎಂದು ಒಪ್ಪಿದ್ದೆವು, ನಿಜ. ಆದರೆ ಶತ್ರು ಇರುವಾಗ ಬೇಲಿ ಇಲ್ಲದ ತೋಟ ತೋಟವಲ್ಲ, ಮೇವು. ಜಾಲಿ ಕಡಿದು ಸುತ್ತ ಬೇಲಿ ಹಾಕಿಸಿದೆ. ತಗಡಿನ ಬಾಗಿಲು ಮಾಡಿಸಿ ಬೀಗ ಹಾಕಿದೆ. ಕೀಲಿಕೈ ಒಬ್ಬರ ಹತ್ತಿರವೇ ಇರಬೇಕಾಗುತ್ತದೆ, ಸದ್ಯ ನಾನು ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಾಸುಮಬಿ, ಚಂದವ್ವ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತಿದ್ದರು. "ಏಳ್ರೀ ಅಕ್ಕಾ, ಮಾಲಕ್ರು ಬಂದ್ರು," ಎಂದಳು ಮಾಸುಮಬಿ. ಒಳ್ಳೆ ಮಾತುಗಾರ್ತಿ. ನಕ್ಕೆ.


28 ಸೆಪ್ಟೆಂಬರ್, ಸೋಮವಾರ. ಮಹಾಲಯ ಅಮಾವಾಸ್ಯೆ

ಚವಳಿ ಗೊಂಚಲು ಗೊಂಚಲಾಗಿ ಇಳಿದಿದೆ. ಹೀರೆಬಳ್ಳಿ ಬೇಲಿಯನ್ನೇ ಮುಚ್ಚಿದೆ. ಆದರೆ ಕೆಲಸಕ್ಕೆ ಬಂದವರು ಬೆರಳೆಣಿಕೆ. ಹಬ್ಬದ ಸೀರೆಯ ಗಡಿಬಿಡಿ ಎಂದು ತಿಮ್ಮಣ್ಣ ಅಮಾವಾಸ್ಯೆಗೂ ಮಗ್ಗ ಹೂಡಿಸಿದ್ದಾನಂತೆ. ನಮ್ಮ ಜನವೂ ತಲೆ ಬಗ್ಗಿಸಿ ಹೂಡಿದ್ದಾರೆ. ಇವರಿಗಾಗಿ ನಾನು ಒಬ್ಬನೇ ಎಷ್ಟು ಬಡಿದಾಡಲಿ?

ಶಿಸ್ತು ಬೇಕು. ಇನ್ನು ಮುಂದೆ ಕೆಲಸಕ್ಕೆ ಬಂದವರಿಗೆ ಮಾತ್ರ ಪಲ್ಯ. ಬಾಗಿಲಲ್ಲೇ ನಿಂತು ಹೇಳಿದೆ. ಸಂಜೆ ಸೆರಗು ಒಡ್ಡಿ ಬಂದ ಕೆಲವು ಹೆಂಗಸರನ್ನು ಬರಿಗೈಯಲ್ಲಿ ಕಳಿಸಿದೆ. ನೋವಾಯಿತು. ಆದರೂ ಕಳಿಸಿದೆ.

ಮನೆಯಲ್ಲಿ ಅವ್ವ ಒಲೆಯ ಮುಂದೆ ನನಗೆ ಖಾರ ರೊಟ್ಟಿ ಇಟ್ಟಳು.

"ಪಲ್ಯಾ ಮಾಡಿಲ್ಲೇನಬೇ?"

"ನಾ ಇವತ್ತ ಕೆಲಸಕ್ಕ ಬಂದಿದ್ದಿಲ್ಲಲ್ಲೋ. ಮಗ್ಗದ ಮುಂದ ಕುಂತಿದ್ದೆ. ನಿನ್ನ ಕಾಯ್ದೆ ನನಗಿಲ್ಲೇನು?"

ಅವ್ವನಿಗೆ ಸಿದ್ಧಾಂತ ತಿಳಿಯುವುದಿಲ್ಲ. ಖಾರ ರೊಟ್ಟಿ ತಿಂದು ಎದ್ದೆ.


13 ಅಕ್ಟೋಬರ್. ಶೀಗಿ ಹುಣ್ಣಿಮೆ

ಹೊಲ ಇದ್ದವರೆಲ್ಲ ಚರಗ ಚೆಲ್ಲಲು ಹೋದರು. ಬಸುರಿ ಭೂಮಿಗೆ ಉಣಿಸುವ ಹಬ್ಬ. ಹೊಲದ ಮಾಲಕ ಅಡಿಗೆಯ ಬುಟ್ಟಿ ಹೊತ್ತು ಮುಂದೆ ನಡೆಯುತ್ತಾನೆ, ತುತ್ತು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ. ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ಬರುವ ಮನೆಮಂದಿ "ಚಳ್ಳಂಬ್ರಿಗೋ" ಎಂದು ಓಗೊಡುತ್ತಾರೆ. ನೇಕಾರರಿಗೆಲ್ಲಿಯ ಹೊಲ? ಅವ್ವ ಹುಟ್ಟಿದಾಗಿನಿಂದ ಬೇರೆಯವರ ಚರಗದ ಊಟವನ್ನೇ ಉಂಡವಳು.

ಇವತ್ತು ಬೇಲಿಯ ಹತ್ತಿರ ನಿಂತು ಆ ಕೂಗು ಕೇಳುತ್ತಿದ್ದಳು. "ಎಳ್ಳಮಾಸಿಗೆ ನಮ್ಮ ತ್ವಾಟದಾಗೂ ಚೆಲ್ಲೂಣೋ," ಎಂದಳು, ಡಿಸೆಂಬರಿನ ಎಳ್ಳ ಅಮಾವಾಸ್ಯೆಯ ಚರಗ ನೆನೆದು. ಅವಳ ಮುಖ ಹುಡುಗಿಯ ಮುಖದಂತಿತ್ತು.

ಮೂಢನಂಬಿಕೆ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಚೆಲ್ಲಲಿ.


26 ನವೆಂಬರ್, ಗುರುವಾರ. ಅಮಾವಾಸ್ಯೆ

ಅವ್ವ ಎಂಥ ಕೆಲಸ ಮಾಡಿದ್ದಾಳೆ!

ಮೆಂತ್ಯೆ, ಸಬ್ಬಸಿಗೆ ಮಡಿಗೆ ನೀರು ಬಿಡುತ್ತಿದ್ದೆವು. ಅವ್ವ ಎಲ್ಲರ ಮುಂದೆ ಖುಷಿಯಿಂದ ಹೇಳಿದಳು: "ಸಾವ್ಕಾರಗ ಹೇಳಿ ಬಂದೇನಿ. ಎಳ್ಳಮಾಸಿಗೆ ಬಂದು ತಾನ ಚರಗಾ ಚೆಲ್ಲತೇನಿ ಅಂದ. ಇನ್ನ ಶೆಡ್ಡಿನ ಅಂಜಿಕಿ ಇಲ್ಲ."

"ಅಂದ್ರ?"

"ತನ್ನ ಕೈಲೆ ಉಣಿಸಿದ ಭೂಮಿಗೆ ಯಾರರ ಹಾರಿ ಹಾಕತಾರೇನೋ? ಅವಗೂ ದೇವರಂಜಿಕಿ ಇರತೈತಿ."

ಹೆಂಗಸರೆಲ್ಲ ತಲೆ ಆಡಿಸಿದರು. ಚಂದವ್ವ ಕೂಡ "ಖರೆ ಐತಿ, ಚರಗಾ ಚೆಲ್ಲಿದ ನೆಲಾ ಅಗಿಯಾಕ ಎದಿ ಬೇಕು" ಎಂದಳು. ಇವರು ಸಾಹುಕಾರನಿಗೂ ತಮ್ಮಂಥದೇ ಎದೆ ಇದೆ ಎಂದು ತಿಳಿದಿದ್ದಾರೆ!

ಕೂಗಾಡಿದೆ. "ಯವ್ವಾ, ಚರಗಾ ಯಾರು ಚೆಲ್ಲತಾರ? ಮಾಲಕ ಚೆಲ್ಲತಾನ! ನಾಳೆ ತಲಾಠಿ ಬಂದು ಜಾಗಾ ಯಾರ್ದು ಅಂತ ಕೇಳಿದ್ರ ಹಿರಿಯಾರು ಏನ್ ಹೇಳ್ತಾರ? ಚರಗಾ ತಿಮ್ಮಣ್ಣ ಚೆಲ್ಲಿದಾ, ನಾವೆಲ್ಲಾ ಕಣ್ಣಾರೆ ನೋಡೇವಿ ಅಂತಾರ. ನೀ ತ್ವಾಟಾ ಉಳಿಸಿಲ್ಲ, ಬುಟ್ಟಿಯೊಳಗಿಟ್ಟು ಅವನ ಕೈಗೆ ಕೊಟ್ಟೀದಿ!"

ಅವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಅವಳ ಕೈಯಲ್ಲಿದ್ದ ಸೊಪ್ಪು ನೀರಿಗೆ ಬಿತ್ತು. ಯಾರೂ ಎತ್ತಲಿಲ್ಲ.

ಮಾಸುಮಬಿ ಅಂದಳು: "ಅದಕ್ಯಾಕ ಇಷ್ಟ ಬಾಯಿ ಮಾಡ್ತೀರಿ? ಸಾವ್ಕಾರ ಬರೂದರೊಳಗ ನಾವ ಎಲ್ಲಾರೂ ಒಂದೊಂದ್ ಹಿಡಿ ಚೆಲ್ಲೂಣು. ಎಷ್ಟ ಮಂದಿ ಚೆಲ್ಲತೇವಿ, ಅಷ್ಟ ಮಂದೀದು ತ್ವಾಟಾ."

ಕೇಳಲು ಚಂದ. ಆದರೆ ಊರು ಇದನ್ನು ಚರಗ ಎನ್ನುವುದಿಲ್ಲ, ಹೆಂಗಸರ ಆಟ ಎನ್ನುತ್ತದೆ. ಅದರಲ್ಲೂ ಒಬ್ಬಳು ಕೇರಿಯವಳು, ಒಬ್ಬಳು ಸಾಬರವಳು. ಹಿರಿಯರ ಕಣ್ಣಿಗೆ ಒಬ್ಬ ಬೇಕು. ತಿಮ್ಮಣ್ಣನ ಎದುರು ನಿಲ್ಲುವ ಒಬ್ಬ. ಆ ಒಬ್ಬ ಯಾರು ಎಂದು ನಾನು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ. ನಾನೇ ಚೆಲ್ಲುತ್ತೇನೆ.

ಹೆಂಗಸರು ಮತ್ತೆ ಮಡಿಗಳಿಗೆ ನೀರು ತಿರುಗಿಸಲು ಬಗ್ಗಿದರು. ಮೌನ ಸಮ್ಮತಿ.


10 ಡಿಸೆಂಬರ್

ತಿಮ್ಮಣ್ಣನ ಮನೆಗೆ ಹೋಗಿದ್ದೆ. ಜಗಳಕ್ಕೇ ಹೋಗಿದ್ದೆ. ಗಾದಿಯ ಮೇಲೆ ಕೂಡಿಸಿ ಕಪ್ಪುಬಸಿಯಲ್ಲಿ ಚಹಾ ಕೊಟ್ಟ. ನಮ್ಮಪ್ಪ ಬದುಕಿರುವವರೆಗೆ ಈ ಮನೆಯ ಹೊಸ್ತಿಲ ಕೆಳಗೇ ನಿಂತು ನೂಲು ತೆಗೆದುಕೊಂಡವನು.

"ನೀವ್ ಚೆಲ್ಲೂದು ನಡಿಯೂದಿಲ್ರಿ," ಎಂದೆ.

"ನೀನ ಚೆಲ್ಲೋ ಮಾರಾಯಾ. ನನಗ ಶೆಡ್ಡಿಗೆ ಹಳ್ಳದ ದಂಡಿಗೆ ಬ್ಯಾರೆ ಜಾಗಾ ಸಿಗತೈತಿ. ನಿಮ್ಮವ್ವ ಕರದ್ಳು ಅಂತ ಹ್ಞೂಂ ಅಂದೆ. ನೋಡು, ಬಾಳ್ವಿ ಮಾಡೂ ಮನಶಾ ನೀ. ಹಿರಿಯಾರಿಗೆ ನಾನ ಹೇಳ್ತೇನಿ, ತ್ವಾಟಾ ಅಮೀನಪ್ಪಂದು ಅಂತ. ಅವರನ್ನೂ ಕರಕೊಂಡು ಬಂದು ನಿನ್ನ ತ್ವಾಟದಾಗ ಊಟಕ್ಕ ಕೂಡಸ್ತೇನಿ. ತಲಾಠಿ ಬಂದಾಗ ಎಲ್ಲಾರ್ದೂ ಒಂದ ಮಾತು."

ಚಹಾ ಆರುತ್ತಿತ್ತು.

"ಒಂದ ಮಾತು ಐತಿ," ಎಂದ. "ಹಿರಿಯಾರು ಉಣ್ಣಾಕ ಕೂಡಬೇಕಂದ್ರ ಆ ಕೇರಿ ಹೆಣಮಗಳು ಅವತ್ತ ಬಾವಿ ಮುಟ್ಟಬಾರದು, ಚರಗದ ಸಾಲಿನಾಗ ನಡೀಬಾರದು. ಒಂದ ದಿನದ ಮಾತು. ಮರುದಿನಾ ನಿನ್ನ ತ್ವಾಟಾ, ನಿನ್ನ ಬಾವಿ, ಯಾರನ್ನರ ಕರಕೊಂಡು ಕುಣಿ."

ದಾರಿಯುದ್ದಕ್ಕೂ ಯೋಚಿಸಿದೆ. ಇದು ಒಪ್ಪಂದವಲ್ಲ, ತಂತ್ರ. ಹೋರಾಟದಲ್ಲಿ ತತ್ವ ಬೇರೆ, ತಂತ್ರ ಬೇರೆ. ಒಂದು ದಿನ ಒಬ್ಬಳು ಹೊರಗಿದ್ದರೆ ವರ್ಷವೆಲ್ಲ ಎಲ್ಲರೂ ಒಳಗಿರಬಹುದು. ತೋಟ ಹೋದರೆ ಚಂದವ್ವನಿಗಾದರೂ ಬಾವಿ ಎಲ್ಲಿಯದು? ಅವಳಿಗಾಗಿಯೇ ಇದನ್ನು ಮಾಡಬೇಕು. ಅವಳಿಗಾಗಿ ಅಂದು ಊರನ್ನೇ ಎದುರು ಹಾಕಿಕೊಂಡವನು ನಾನು, ಅದನ್ನು ಅವಳು ಮರೆತಿರಲಿಕ್ಕಿಲ್ಲ.

ಇದಕ್ಕಿಂತ ಬೇರೆ ದಾರಿ ಇದ್ದರೆ ಯಾರಾದರೂ ತೋರಿಸಲಿ.


20 ಡಿಸೆಂಬರ್, ರವಿವಾರ

ಚಂದವ್ವನಿಗೆ ಹೇಳಿ ಮುಗಿಸಿದೆ. ಉಳ್ಳಾಗಡ್ಡಿ ಮಡಿಯಲ್ಲಿ ಕಳೆ ಕೀಳುತ್ತಿದ್ದಳು.

"ಚಂದವ್ವಾ, ಎಳ್ಳಮಾಸಿ ದಿನಾ ನೀ ಮನ್ಯಾಗ ಇದ್ದುಬಿಡು."

ಅವಳು ತಲೆ ಎತ್ತಲಿಲ್ಲ. "ಯಾಕ?"

"ಊರ ಹಿರಿಯಾರು ಬರ್ತಾರ. ತ್ವಾಟಾ ಉಳೀಬೇಕಂದ್ರ ಒಂದ ದಿನಾ ಸೈರಣಿ ಮಾಡಬೇಕು. ನಿನ್ನ ಬುತ್ತಿ ಮನಿಗೇ ಕಳಸ್ತೇನಿ, ಅದರ ಚಿಂತಿ ಬ್ಯಾಡ."

"ಬುತ್ತಿ ನನಗೂ ಮಾಡಾಕ ಬರತೈತಿ." ಕಳೆಯನ್ನು ಮಣ್ಣು ಕೊಡವಿ ಬದಿಗಿಟ್ಟಳು. "ಅವತ್ತ ಹಗ್ಗಾ ನನ್ನ ಕೈಯಾಗ ನೀವ ಕೊಟ್ರಿ. ನಾ ಬೇಡಿದ್ದಿಲ್ಲ. ಸಲಿಕಿ ತಗೊಂಡು ಮಣ್ಣ ಅಗಿಯಾಕ ಬಂದಿದ್ದೆ ಅಷ್ಟ."

"ನಿನಗ ತಿಳಿಯೂದಿಲ್ಲ ಚಂದವ್ವಾ, ಇದರ ಹಿಂದ ದೊಡ್ಡ ಲೆಕ್ಕಾಚಾರ ಐತಿ."

"ಇರತೈತ್ರಿ." ಎದ್ದು ಕೈ ತೊಳೆಯಲು ಬಾವಿಯ ಕಡೆ ತಿರುಗಿದವಳು ನಿಂತಳು. ಕೈಯನ್ನು ಸೀರೆಗೇ ಒರೆಸಿಕೊಂಡಳು. "ಆತ್ರಿ ಸಾವ್ಕಾರ್ರ. ಹೋಗಿ ಬರ್ತೇನಿ."

ನಾನಂದುಕೊಂಡಷ್ಟು ಗದ್ದಲವಾಗಲಿಲ್ಲ. ತಿಳಿವಳಿಕೆ ಇರುವ ಹೆಂಗಸು. ಕಳೆ ಮಾತ್ರ ಅರ್ಧಕ್ಕೇ ಬಿಟ್ಟು ಹೋದಳು.


23 ಡಿಸೆಂಬರ್

ಅವ್ವ ಮಾತು ಬಿಟ್ಟಿದ್ದಾಳೆ. ಮಗ್ಗದ ಲಟಪಟ ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ.

ಮಾಸುಮಬಿಯೂ ತಮಾಷೆ ನಿಲ್ಲಿಸಿದ್ದಾಳೆ.


26 ಡಿಸೆಂಬರ್ 1981, ಶನಿವಾರ. ಎಳ್ಳ ಅಮಾವಾಸ್ಯೆ

ಎಲ್ಲ ಮುಗಿಯಿತು. ನಡೆದಂತೆಯೇ ಬರೆಯುತ್ತೇನೆ.

ಬೆಳಗಿನಿಂದ ಹೆಂಗಸರು ಅಡಿಗೆ ಮಾಡಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕರಿಗಡಬು. ಬದನೆ ನಮ್ಮ ತೋಟದ್ದು, ಪುಂಡಿ ನಮ್ಮದು, ಮೆಣಸಿನಕಾಯಿ ನಮ್ಮದು. ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಹಿರಿಯರನ್ನು ಕೂಡಿಸಿದೆ. ತಿಮ್ಮಣ್ಣ ಬಿಳಿ ರುಮಾಲು ಸುತ್ತಿಕೊಂಡು ನಡುವೆ ಕೂತ. ಚಂದವ್ವ ಒಳಗೆ ಬರಲಿಲ್ಲ. ಮಾತು ಉಳಿಸಿಕೊಂಡಳು. ಬೇಲಿಯ ಆಚೆ, ಹಳ್ಳದ ದಂಡೆಯ ಬಂಡೆಗಲ್ಲಿನ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಅಲ್ಲಿ ಯಾಕೆ ಕೂಡಬೇಕಿತ್ತೋ, ಮನೆಯಲ್ಲಿರು ಎಂದಿದ್ದೆ.

ಅವ್ವ ಬುಟ್ಟಿಯನ್ನು ನನ್ನ ಕೈಗಿಟ್ಟಳು. ಮುಖ ನೋಡಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬದುವಿನ ಮೇಲೆ ನಿಂತೆ. ಒಂದು ತುತ್ತು ತೆಗೆದು ಮೆಂತ್ಯೆ ಮಡಿಗೆ ಚೆಲ್ಲಿ, ಗಟ್ಟಿಯಾಗಿ ಕೂಗಿದೆ:

"ಹುಲ್ಲುಲ್ಲಿಗೋ!"

ಹಿಂದಿನಿಂದ ಉತ್ತರ ಬರಬೇಕು. ಬರಲಿಲ್ಲ. ಸಭೆಗಳಲ್ಲಿ ನನ್ನ ಘೋಷಣೆಗೆ ಊರೇ ಓಗೊಡುತ್ತಿತ್ತು. ತಿರುಗಿ ನೋಡಿದೆ.

ನನ್ನ ಹಿಂದೆ ನೀರು ಚಿಮುಕಿಸುತ್ತ ಬರಬೇಕಾದ ಮಾಸುಮಬಿ ತಂಬಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬಾಗಿಲು ದಾಟುತ್ತಿದ್ದಳು. ಅವಳ ಹಿಂದೆ ಉಳಿದ ಹೆಂಗಸರು, ತಂತಮ್ಮ ಬುತ್ತಿ ಗಂಟು ಎತ್ತಿಕೊಂಡು, ಒಬ್ಬರ ಹಿಂದೆ ಒಬ್ಬರು, ಹಳ್ಳದ ಕಡೆ. ಕೊನೆಗೆ ಅವ್ವ.

"ಯವ್ವಾ, ಎಲ್ಲಿಗೆ?"

"ಚರಗಾ ಚೆಲ್ಲಾಕ."

"ಹೊಲಾ ಇಲ್ಲಿ ಐತಿ!"

"ಇದು ನಿಂದಪಾ," ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಪರ ಊರಿನವನಿಗೆ ದಾರಿ ಹೇಳುವ ದನಿ. "ನಮ್ಮದು ಎಲ್ಲಿ ಐತ್ಯೋ, ಹುಡಕ್ಕೊಂತೇವಿ."

ಹಳ್ಳದ ದಂಡೆಯ ಮೇಲೆ ಅವರು ಚಂದವ್ವನ ಸುತ್ತ ಕೂತರು. ಆ ಉಸುಕಿನಲ್ಲಿ ಏನು ಬೆಳೆಯುತ್ತದೆ? ನಗು ಕೇಳಿಸಿತು. ಮಾಸುಮಬಿ ಮತ್ತೆ ಏನೋ ಅಂದಿರಬೇಕು.

ಹಿರಿಯರು ನೋಡುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿದರೆ ಎಲ್ಲ ಕೆಡುತ್ತದೆ. ಇನ್ನೊಂದು ತುತ್ತು ಚೆಲ್ಲಿ ಮತ್ತೆ ಕೂಗಿದೆ. ಈ ಸಲ ಉತ್ತರ ಬಂತು. ಬೇವಿನ ಮರದ ಕೆಳಗಿನಿಂದ, ಹೋಳಿಗೆ ತುಂಬಿದ ಬಾಯಿಂದ, ತಿಮ್ಮಣ್ಣ ಓಗೊಟ್ಟ:

"ಚಳ್ಳಂಬ್ರಿಗೋ!"

ಅವನ ಹಿಂದೆ ಹಿರಿಯರೂ ದನಿ ಕೂಡಿಸಿದರು. ನಾಲ್ಕೂ ಬದಿ ಸುತ್ತಿ ಬುಟ್ಟಿ ಬರಿದು ಮಾಡಿದೆ. ಪ್ರತಿ ಕೂಗಿಗೂ ಅವರೇ ಓಗೊಟ್ಟರು. ಪದ್ಧತಿಯಲ್ಲಿ ಒಂದು ಕೂದಲೆಳೆಯ ಲೋಪವಾಗಲಿಲ್ಲ. ಕೈ ತೊಳೆಯುವಾಗ ತಿಮ್ಮಣ್ಣ ನನ್ನ ಬೆನ್ನು ತಟ್ಟಿ, "ತ್ವಾಟಾ ಅಮೀನಪ್ಪಂದು, ಇದರಾಗ ಎರಡ ಮಾತಿಲ್ಲ" ಎಂದು ಎಲ್ಲರ ಮುಂದೆ ಹೇಳಿದ. ಎಲ್ಲರೂ ಹೌದೆಂದರು.

ತೋಟ ಉಳಿಯಿತು. ಇಷ್ಟು ದಿನದ ಹೋರಾಟ ಗೆದ್ದಿತು. ಹೆಂಗಸರ ಸಿಟ್ಟು ಇಳಿದ ಮೇಲೆ ಅವರಿಗೂ ತಿಳಿದೀತು.

ಮೆಂತ್ಯೆ ಮಡಿ ಒಣಗಿದೆ, ನಾಳೆ ನೀರು ಬಿಡಲೇಬೇಕು. ಉಳ್ಳಾಗಡ್ಡಿಯ ಕಳೆ ಹಾಗೇ ಇದೆ. ಬೆಳಿಗ್ಗೆ ಎದ್ದು ಇಬ್ಬರು ಆಳು ಹುಡುಕಬೇಕು.